ಕೆಂಪೆಲೆಗಳನ್ನು ತೆಗೆದಿಟ್ಟ ಅಕ್ಟೋಬರ್

ಕಳೆದ ಭಾನುವಾರ ಪೈನ್ ಕಾಯಿಗಳನ್ನು ಓವನ್ನಿನಲ್ಲಿಟ್ಟಿದ್ದೆ. ಪಾರ್ಕಿನಿಂದ ಆರಿಸಿ ತಂದ ಕಾಯಿಗಳ ಸಂದಿಯಲ್ಲಿ ಹುಳ ಇರುತ್ತದೆ. ಕಡಿಮೆ ಬಿಸಿಯಲ್ಲಿ ಅರ್ಧ ಗಂಟೆ ಇಟ್ಟರೆ ಹುಳವೂ ಸಾಯುತ್ತದೆ, ಮುದುರಿಕೊಂಡ ಕಾಯಿಯೂ ಅರಳುತ್ತದೆ. ಮಗಳ ಶಾಲೆಯಲ್ಲಿ ಬಾಗಿಲಿಗೆ ಕಟ್ಟಲು ಏನಾದರೂ ಮನೆಯಲ್ಲೇ ಮಾಡಿ ತನ್ನಿ ಅಂದಿದ್ದರು, ಅದಕ್ಕೆ. ಸ್ವಲ್ಪ ಹೊತ್ತಿಗೆ ಮರದ ಅಂಟು ಕಾದ ವಾಸನೆ ಫ್ಲ್ಯಾಟಿನ ತುಂಬ ಹಬ್ಬಿತು. ನಾನು ಓವನ್ ಆರಿಸಿ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಮಗಳು ಬಂದು ಸುಟ್ಟುಹೋಯಿತಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. "ಇಲ್ಲ ಪುಟ್ಟಿ, ಸುಟ್ಟಿಲ್ಲ" ಅಂದೆ. ಏಳಲಿಕ್ಕೆ ಮಾತ್ರ ಆಗಲಿಲ್ಲ.

ಆ ವಾಸನೆ ಬಂದಾಗಲೆಲ್ಲ ನನಗೆ ಹೀಗೇ. ನನ್ನ ಹೆಸರು ಬಿಟ್ಟು ಬೇರೊಬ್ಬಳಾಗಿ ಕಳೆದ ಒಂದು ಅಕ್ಟೋಬರ್ ತಿಂಗಳು ಎದುರು ಬಂದು ನಿಲ್ಲುತ್ತದೆ.

ಆಗ ನಾವು ಹುಬ್ಬಳ್ಳಿ ಬಿಟ್ಟು ಲಂಡನ್ನಿಗೆ ಬಂದು ವರ್ಷವೂ ಆಗಿರಲಿಲ್ಲ. ಮಗಳಿನ್ನೂ ಹುಟ್ಟಿರಲಿಲ್ಲ. ಗಂಡ ಬಸವರಾಜ ಕಂಪ್ಯೂಟರ್ ಕೆಲಸದ ವೀಸಾದ ಮೇಲೆ ಬಂದವರು. ಕಿಂಗ್ಸ್‌ಬರಿಯಲ್ಲಿ ಮನೆ. ನಾನು ಅಲ್ಲಿಂದ ಟ್ಯೂಬ್ ರೈಲಿನಲ್ಲಿ ಸ್ಟ್ಯಾನ್ಮೋರಿಗೆ ಹೋಗಿ, ದೊಡ್ಡ ದೊಡ್ಡ ಮನೆಗಳ ನಡುವೆ ಇದ್ದ ವೃದ್ಧರ ಕೇರ್ ಹೋಮ್ ಒಂದರಲ್ಲಿ ಕೆಲಸ ಮಾಡುತ್ತಿದ್ದೆ. ಮೀಯಿಸುವುದು, ಉಣ್ಣಿಸುವುದು, ಹಾಸಿಗೆ ಬದಲಿಸುವುದು. ಮಧ್ಯಾಹ್ನದ ಹೊತ್ತು ಮುದುಕರನ್ನು ಕೂಡಿಸಿಕೊಂಡು ಹಾಡು, ಆಟ ಆಡಿಸುತ್ತಿದ್ದ ಹುಡುಗಿ ಹೆರಿಗೆ ರಜೆಗೆ ಹೋದಾಗ ಆ ಕೆಲಸ ನನ್ನ ಹೆಗಲಿಗೆ ಬಂತು.

ಮ್ಯಾನೇಜರ್ ಡೋರೀನ್ ನನ್ನನ್ನು ಕರೆದು, ಅಕ್ಟೋಬರ್ ಕೊನೆಯ ಭಾನುವಾರ ಮುದುಕರ ಮನೆಯವರೆಲ್ಲ ಚಹಾಕ್ಕೆ ಬರುತ್ತಾರೆ, ನಡುವಿನ ಹಾಲ್ ಅಲಂಕರಿಸಬೇಕು ಎಂದಳು. "ಅಂಗಡಿಯಿಂದ ಏನೂ ತರುವುದು ಬೇಡ. ಹೊರಗೆ ಬಿದ್ದದ್ದು, ಒಳಗೆ ಬಿಸಾಡುವುದು, ಅದರಲ್ಲೇ ಮಾಡಿಸು. ಕೈಗೆ ಕೆಲಸ ಸಿಕ್ಕರೆ ಇವರು ಊಟ ಚೆನ್ನಾಗಿ ಮಾಡುತ್ತಾರೆ."

ಹಾಗೆ ನಾನು ದಿನಾ ಕೆಲಸಕ್ಕೆ ಮುಂಚೆ ಪಾರ್ಕಿಗೆ ಹೋಗಿ ಚೀಲ ತುಂಬಿಸಿಕೊಂಡು ಬರತೊಡಗಿದೆ. ಮೇಪಲ್ ಎಲೆ, ಓಕ್ ಎಲೆ, ಪೈನ್ ಕಾಯಿ, ಇಲ್ಲಿಯವರು ಕಾಂಕರ್ ಎನ್ನುವ, ಎಣ್ಣೆ ಹಚ್ಚಿದ ಹುಣಸೆ ಬೀಜದಂತೆ ಮಿರುಗುವ ದಪ್ಪ ಬೀಜಗಳು. ಅಡುಗೆಮನೆಯಿಂದ ಮೊಟ್ಟೆಯ ಟ್ರೇ, ಖಾಲಿ ಜಾಮ್ ಬಾಟಲಿ, ಲಾಂಡ್ರಿಯಿಂದ ಹರಿದ ಸ್ವೆಟರ್. ಸ್ವೆಟರಿನ ತೋಳಿಗೆ ಹಳೇ ಬಟ್ಟೆ ತುರುಕಿ ದಾರದಲ್ಲಿ ಬಿಗಿದರೆ ಕುಂಬಳಕಾಯಿ. ಮೊಟ್ಟೆ ಟ್ರೇಯ ಒಂದೊಂದು ಗುಣಿಯನ್ನೂ ಕತ್ತರಿಸಿ ಅಂಚು ಸೀಳಿದರೆ ಹೂವು. ಎಲೆಗಳನ್ನು ಪೇಪರಿನ ನಡುವೆ ಒತ್ತಿಟ್ಟು, ಆಮೇಲೆ ಕರಗಿದ ಮೇಣದಲ್ಲಿ ಒಂದೇ ಸಲ ಅದ್ದಿ ತೆಗೆದರೆ ಬಣ್ಣ ಮಾಸುವುದಿಲ್ಲ. ಮೇಣದ ಕೆಲಸ, ಪೈನ್ ಕಾಯಿಗಳನ್ನು ಓವನ್ನಿನಲ್ಲಿ ಕಾಯಿಸುವ ಕೆಲಸ ನನ್ನವು, ಅಡುಗೆಮನೆಯಲ್ಲಿ. ಕಾಂಕರಿಗೆ ತೂತು ಕೊರೆಯುವುದು ಹೆರಾಲ್ಡ್ ಎಂಬ ಮುದುಕರದು. ಒಂದು ಕಾಲಕ್ಕೆ ಡಬಲ್ ಡೆಕರ್ ಬಸ್ ಓಡಿಸುತ್ತಿದ್ದವರು. ಒಳಗೂ ಟೋಪಿ ತೆಗೆಯುತ್ತಿರಲಿಲ್ಲ.

ಕಿಟಕಿಯ ಹತ್ತಿರ ಸೆಲಿನಮ್ಮ ಕೂತಿರುತ್ತಿದ್ದರು. ಎಪ್ಪತ್ತೈದು ದಾಟಿದವರು. ಮಂಗಳೂರು ಕಡೆಯವರು, ಕ್ರಿಶ್ಚಿಯನ್ನರು, ನಲವತ್ತು ವರ್ಷ ಇಲ್ಲಿ ನರ್ಸ್ ಆಗಿದ್ದವರು ಎಂದಷ್ಟೇ ನನಗೆ ಗೊತ್ತಿದ್ದದ್ದು. ಮರೆವಿನ ಕಾಯಿಲೆ ಅವರ ಇಂಗ್ಲಿಷನ್ನು ಪೂರ್ತಿ ತಿಂದುಹಾಕಿತ್ತು. ನಾನು ಒಂದೆರಡು ಸಲ ಕನ್ನಡದಲ್ಲಿ, ಪುಸ್ತಕದ ಕನ್ನಡದಲ್ಲಿ, "ಅಮ್ಮಾ, ಹೇಗಿದ್ದೀರಿ?" ಎಂದು ಮಾತಾಡಿಸಿದ್ದೆ. ಅವರು ಕಿಟಕಿಯಿಂದ ಕಣ್ಣು ತೆಗೆದಿರಲಿಲ್ಲ. ಶನಿವಾರ ಬೆಳಿಗ್ಗೆ ಅವರ ಮಗಳು ಅನಿತಾ ಬಂದು ಒಂದು ಗಂಟೆ ಕೈ ಹಿಡಿದುಕೊಂಡು ಕೂತು ಹೋಗುತ್ತಿದ್ದಳು.

ಒಂದು ದಿನ ಎಲೆಗಳನ್ನು ಪೋಣಿಸುತ್ತಿದ್ದಾಗ ದಬ್ಬಣ ನನ್ನ ಹೆಬ್ಬೆರಳಿಗೆ ನೆಟ್ಟಿತು. "ಅಯ್ಯ ಶಿವನ! ಎಂಥಾ ಪರಿ ಚುಚ್ಚಿತವ್ವಾ ಇದು!" ಎಂದು ಊರಿನ ಮಾತು ತಾನಾಗೇ ಬಾಯಿಗೆ ಬಂತು.

ಸೆಲಿನಮ್ಮ ಕುರ್ಚಿಯಲ್ಲಿ ಪೂರ್ತಿ ತಿರುಗಿದರು.

"ನೀಲಾ! ನೀನು ಯಾವಾಗ ಬಂದದ್ದು ಮಾರಾಯ್ತಿ? ರಕ್ತ ಬಂತಾ? ತೋರ್ಸು ಇಲ್ಲಿ."

ಎದ್ದು ಬಂದರು. ಆರು ತಿಂಗಳಿಂದ ಇಬ್ಬರು ಹಿಡಿಯದೆ ಎದ್ದವರಲ್ಲ. ನನ್ನ ಬೆರಳನ್ನು ಒತ್ತಿ ಹಿಡಿದು, ಕಾಗದದ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಸುತ್ತಿದರು. ಕೈ ಒಂದಿಷ್ಟೂ ನಡುಗಲಿಲ್ಲ.

ಕೆಲಸಕ್ಕೆ ಸೇರುವಾಗ ನಮಗೆ ಕಲಿಸಿದ್ದರು: ಮರೆವಿನವರನ್ನು ತಿದ್ದಬೇಡಿ, ಅವರಿರುವ ಕಡೆಗೆ ನೀವೇ ಹೋಗಿ. ನಾನು ಹೋದೆ.

"ಈಗ ಬಂದೆ" ಅಂದೆ.

ಅಂದಿನಿಂದ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಾನು ನೀಲಾ. ಅವರು ಮೇಜಿಗೆ ಬಂದು ನನ್ನ ಬಲಕ್ಕೆ ಕೂರುತ್ತಿದ್ದರು. ಮೊಟ್ಟೆ ಟ್ರೇಯ ಹೂವುಗಳಿಗೆ ಅವರು ಹಾಕಿದ ಗಂಟು ಎಳೆದರೂ ಬಿಚ್ಚುತ್ತಿರಲಿಲ್ಲ. ಕೆಲಸ ಮಾಡುತ್ತ ಮಾಡುತ್ತ ಮಾತು. ಹಾಗೆ ನನಗೆ ನೀಲಾ ಯಾರೆಂದು ತಿಳಿಯುತ್ತ ಹೋಯಿತು. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಇವರಿಬ್ಬರೂ ನರ್ಸಿಂಗ್ ಕಲಿತವರು, ಹಾಸ್ಟೆಲಿನಲ್ಲಿ ಒಂದೇ ಕೋಣೆ. ನೀಲಾ ಗದಗಿನವಳು. ಇವರ ಮನೆಮಾತು ಕೊಂಕಣಿ, ಅವಳದು ನನ್ನಂಥ ಕನ್ನಡ. ಅವಳ ಮಾತು ಕೇಳಿ ಹಾಸ್ಟೆಲಿನ ಹುಡುಗಿಯರೆಲ್ಲ ನಗುತ್ತಿದ್ದರಂತೆ, ಅವಳು ಅವರಿಗಿಂತ ಜೋರಾಗಿ ನಗುತ್ತಿದ್ದಳಂತೆ.

"ನಿನ್ನ ಖಾರದ ರೊಟ್ಟಿ ನನಗೀಗ ಬೇಡ, ಹೊಟ್ಟೆ ಸರಿ ಇಲ್ಲ" ಎನ್ನುತ್ತಿದ್ದರು. ನಾನು "ನಾಳೆ ತಿನ್ನುವಂತಿ ಬಿಡು" ಎನ್ನುತ್ತಿದ್ದೆ. ಅವರ ಮುಖ ಬೆಳಗುತ್ತಿತ್ತು. ಯಾರಿಗೂ ಕೆಡುಕಿಲ್ಲದ ಸುಳ್ಳು ಅಂದುಕೊಂಡಿದ್ದೆ. ನೀಲಾ ಎಂದೋ ತೀರಿಹೋಗಿರಬೇಕು ಎಂದು, ಯಾರೂ ಹೇಳದಿದ್ದರೂ, ನಾನೇ ನಿಶ್ಚಯ ಮಾಡಿಕೊಂಡಿದ್ದೆ.

ಒಂದು ಸಂಜೆ ಬಸವರಾಜ ಅಂದರು: "ಮೂರು ಸಲ ಕರದೆ ರೇಣುಕಾ ಅಂತ. ಬ್ಯಾರೆ ಯಾರನ್ನೋ ಕರದಂಗ ಕುಂತಿದ್ದಿ."

"ಕೇಳಿಸಿಲ್ರೀ" ಅಂದೆ. ಕೇಳಿಸಿತ್ತು. ನನ್ನನ್ನೇ ಎಂದು ಅನ್ನಿಸಿರಲಿಲ್ಲ.

ತಿಂಗಳ ನಡುವಿಗೆ ಮಳೆ ಹಿಡಿಯಿತು. ಎಲೆಗಳು ರಸ್ತೆಗೆ ಅಂಟಿಕೊಂಡು ಕೊಳೆಯತೊಡಗಿದವು, ಒಳ್ಳೆಯವು ಸಿಗುವುದೇ ಕಷ್ಟವಾಯಿತು. ಒಂದು ದಿನ ಸಿಕ್ಕಷ್ಟನ್ನು ಮೇಜಿನ ಮೇಲೆ ಹರಡಿದಾಗ ಸೆಲಿನಮ್ಮ ಅದರಲ್ಲಿ ಕಡುಗೆಂಪಿನವನ್ನೆಲ್ಲ ಆರಿಸಿ ಪಕ್ಕಕ್ಕಿಟ್ಟರು. ನಾನು ಒಂದಕ್ಕೆ ಕೈ ಚಾಚಿದೆ. ನನ್ನ ಕೈಯನ್ನು ಮೆಲ್ಲಗೆ ಸರಿಸಿದರು.

"ಅದು ಬೇಡ. ಮಗುವಿಗೆ."

"ಯಾವ ಮಗು?"

ಅವರು ನನ್ನ ಎಡಗಡೆಯ ಖಾಲಿ ಕುರ್ಚಿಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು, ಇವಳೇಕೆ ಹೀಗೆ ಕೇಳುತ್ತಾಳೆ ಎಂಬಂತೆ.

"ನೀನೇ ಅಲ್ವಾ ಕರ್ಕೊಂಡು ಬಂದದ್ದು? ನಿನ್ನೆ ಕೂಡ ಬಂದಿತ್ತು. ಕೆಂಪು ಎಲೆ ಬೇಕಂತೆ ಅದಕ್ಕೆ."

ರೇಡಿಯೇಟರ್ ಬಿಸಿಯಾಗಿತ್ತು. ಆದರೂ ನನ್ನ ಎಡ ತೋಳಿನ ಮೇಲಷ್ಟೇ ಚಳಿ ಹತ್ತಿತು. ತಿದ್ದಬಾರದಲ್ಲ. ಕೆಂಪೆಲೆಗಳನ್ನು ಆ ಕುರ್ಚಿಯ ಮುಂದೆ ಸರಿಸಿದೆ.

ಮಾರನೇ ದಿನ ಹೆರಾಲ್ಡ್ ಆ ಕುರ್ಚಿಯಲ್ಲಿ ಕೂರಹೋದಾಗ ಸೆಲಿನಮ್ಮ ಕಿರುಚಿಬಿಟ್ಟರು. ಹೆರಾಲ್ಡ್‌ಗೆ ಕನ್ನಡ ಎಲ್ಲಿಂದ ಬರಬೇಕು? ಆದರೂ ಖಾಲಿ ಕುರ್ಚಿಯನ್ನೂ ಅವರ ಮುಖವನ್ನೂ ನೋಡಿ ಏನೋ ತಿಳಿದವರಂತೆ ಹಿಂದೆ ಸರಿದರು. ಟೋಪಿಯನ್ನು ಸ್ವಲ್ಪ ಎತ್ತಿ ಆ ಕುರ್ಚಿಗೆ ವಂದಿಸಿ, ಬೇರೆ ಕಡೆ ಹೋಗಿ ಕೂತರು. ಅಂದಿನಿಂದ ದಿನಾ ಹಾಗೇ ಮಾಡುತ್ತಿದ್ದರು.

ಮೇಜಿನ ಮೇಲಿನದನ್ನೆಲ್ಲ ಎತ್ತಿಡುವಾಗ ಒಂದು ಸಂಜೆ, ಕಸ ಗುಡಿಸುವ ಪೋಲೆಂಡಿನ ಹೆಂಗಸು ನನ್ನನ್ನು ಕೇಳಿದಳು, ಮಧ್ಯಾಹ್ನ ಯಾರದಾದರೂ ಮಗು ಬರುತ್ತದೆಯೇ ಎಂದು. ಯಾಕೆ ಎಂದೆ. ಬೇರೆ ಕುರ್ಚಿಗಳ ಕೆಳಗೆ ದಾರ, ಅಂಟು, ಪೇಪರು. ಈ ಖಾಲಿ ಕುರ್ಚಿಯ ಕೆಳಗೆ ಮಾತ್ರ ಚೂರು ಚೂರಾಗಿ ಹರಿದ ಕೆಂಪೆಲೆ ಎಂದಳು. ಸೆಲಿನಮ್ಮನೇ ಹರಿದು ಹಾಕಿರಬೇಕು ಅಂದುಕೊಂಡೆ. ಹಾಗೇ ಇದ್ದೀತು. ಆದರೆ ಅವರು ಕೂರುತ್ತಿದ್ದದ್ದು ನನ್ನ ಇನ್ನೊಂದು ಬದಿಗೆ. ಅಂದು ಸ್ಟೇಷನ್ನಿಗೆ ನಡೆಯುವಾಗ ನಾನು ಹಿಂದೆ ತಿರುಗಿ ನೋಡಲಿಲ್ಲ. ಟ್ಯೂಬಿನಲ್ಲಿ ಪಕ್ಕದ ಸೀಟು ಖಾಲಿಯಾದಾಗ ಎದ್ದು ನಿಂತುಕೊಂಡೆ.

ಚಹಾದ ಹಿಂದಿನ ದಿನ ಹೊರಗೆ ಧೋ ಎಂದು ಮಳೆ. ಹಾಲ್ ಬಹುಪಾಲು ಸಿದ್ಧವಾಗಿತ್ತು. ಕಿಟಕಿಗಳಿಗೆ ಮೇಣದೆಲೆಯ ತೋರಣ, ಮೇಜಿಗೊಂದು ಸ್ವೆಟರ್ ಕುಂಬಳಕಾಯಿ, ಬಾಗಿಲಿಗೆ ಪೈನ್ ಕಾಯಿ ಮತ್ತು ಕಾಂಕರಿನ ದುಂಡನೆಯ ಹಾರ. ಉಳಿದವರು ಟಿ.ವಿ. ಮುಂದೆ ಹೋಗಿದ್ದರು. ಸೆಲಿನಮ್ಮ ಮಾತ್ರ ಕೂತು, ಅಷ್ಟು ದಿನ ತೆಗೆದಿಟ್ಟ ಕೆಂಪೆಲೆಗಳನ್ನು ಒಂದರ ತೊಟ್ಟಿಗೆ ಇನ್ನೊಂದನ್ನು ಸಿಕ್ಕಿಸಿ ಪುಟ್ಟ ಕಿರೀಟ ಮಾಡುತ್ತಿದ್ದರು. ನಾಲ್ಕು ವರ್ಷದ ಮಗುವಿನ ತಲೆಗೆ ಆಗುವಷ್ಟು. ಅದು ಮುಗಿದ ಮೇಲೆ ಕೈ ಮಡಿಲಲ್ಲಿಟ್ಟುಕೊಂಡು ಅಂದರು:

"ನೀಲಾ, ಆ ಬಾಟ್ಲಿ ತೆಗೆದದ್ದು ನಾನು."

ನಾನು ಕೈಯಲ್ಲಿದ್ದ ದಾರವನ್ನು ಕೆಳಗಿಟ್ಟೆ.

"ನಿನಗೆ ಜ್ವರ ಇತ್ತು. ನಿನ್ನ ಡ್ಯೂಟಿ ನಾನು ಮಾಡ್ತೇನೆ, ಯಾರಿಗೂ ಹೇಳ್ಬೇಡ, ಮಲ್ಕೋ ಅಂತ ನಾನೇ ಹೇಳಿದ್ದು. ಎರಡು ಔಷಧಿ ಬಾಟ್ಲಿ ಒಂದೇ ರೀತಿ ಇತ್ತು. ನಾನು ಚೀಟಿ ಓದ್ಲಿಲ್ಲ. ವಾರ್ಡಿನ ಮಗು ಚಮಚ ನೆಕ್ಕಿತು, ಸಿಹಿ ಉಂಟು ಅಂತ ಹೇಳಿತು. ಸಂಜೆಗೆ ಹೋಯ್ತು." ಮಾತು ನಿಲ್ಲಿಸಿ ಖಾಲಿ ಕುರ್ಚಿಯ ಕಡೆ ನೋಡಿದರು. "ರಿಜಿಸ್ಟರಿನಲ್ಲಿ ನಿನ್ನ ಹೆಸರು. ಮೇಟ್ರನ್ ಕೇಳುವಾಗ ನಾನು ನೆಲ ನೋಡ್ತಾ ನಿಂತೆ. ಬಾಯಿ ಬರಲಿಲ್ಲ ನೀಲಾ. ನಿನ್ನನ್ನು ಕಳಿಸಿದರು. ಟ್ರಂಕ್ ಎತ್ತಲಿಕ್ಕೆ ಕೂಡ ನಾನು ಬರಲಿಲ್ಲ. ಕ್ಷಮಿಸ್ತೀಯಾ ನನ್ನನ್ನು?"

ಎದ್ದು ಹೋಗಬಹುದಿತ್ತು. ಡೋರೀನಳನ್ನು ಕರೆಯಬಹುದಿತ್ತು. ಚಹಾ ತರುತ್ತೇನೆ ಎಂದು ಮಾತು ಮರೆಸಬಹುದಿತ್ತು. ಐದು ನಿಮಿಷಕ್ಕೆ ಅವರಿಗೆ ಎಲ್ಲ ಮರೆತುಹೋಗುತ್ತಿತ್ತು. ಆದರೆ ಅವರ ಆ ಕಣ್ಣು. ನನಗೆ ತಡೆದುಕೊಳ್ಳಲಾಗಲಿಲ್ಲ.

"ಕ್ಷಮಿಸೇನಿ, ಸೆಲಿನ್" ಅಂದೆ. "ಎಲ್ಲಾ ಮರತೇನಿ. ಇನ್ನ ಮನಸ್ಸಿಗೆ ಹಚ್ಚಿಕೋಬ್ಯಾಡ."

ಅವರು ನನ್ನ ಎರಡೂ ಕೈಯನ್ನು ಹಣೆಗೊತ್ತಿಕೊಂಡು ಅತ್ತರು. ಆಮೇಲೆ ಎದ್ದು, ಕಿರೀಟವನ್ನು ಖಾಲಿ ಕುರ್ಚಿಯ ಮೇಲೆ ತಲೆ ಇರಬೇಕಾದ ಎತ್ತರಕ್ಕೆ ಹಿಡಿದು ಬಿಟ್ಟರು. ಅದು ಕುರ್ಚಿಯ ಸೀಟಿನ ಮೇಲೆ ಬಿತ್ತು.

"ಹೋಗು ಮಗಾ. ಇನ್ನು ಅಮ್ಮನ ಹತ್ರ ಹೋಗು" ಅಂದರು.

ಮರುದಿನದ ಚಹಾ ಚೆನ್ನಾಗಿ ನಡೆಯಿತು. ಅಂಗಡಿಯ ಒಂದು ಸಾಮಾನೂ ಇಲ್ಲದೆ ಇಷ್ಟು ಚೆಂದವೇ ಎಂದು ಬಂದವರೆಲ್ಲ ಕೇಳಿದರು. ಸೆಲಿನಮ್ಮ ಅನಿತಾಳ ಪಕ್ಕದಲ್ಲಿ ನಗುತ್ತ ಕೂತಿದ್ದರು. ನನ್ನನ್ನು ಕಂಡು ಗುರುತು ಹಿಡಿಯಲಿಲ್ಲ. ಆಮೇಲೆ ಒಂದು ದಿನವೂ ನೀಲಾ ಎಂದು ಕರೆಯಲಿಲ್ಲ, ಖಾಲಿ ಕುರ್ಚಿಯ ಕಡೆ ನೋಡಲೂ ಇಲ್ಲ. ಎಂಟು ದಿನದ ಮೇಲೆ, ಬೆಳಗಿನ ಚಹಾ ಕುಡಿದು ದಿಂಬಿಗೊರಗಿದವರು ಹಾಗೇ ಹೋದರು. ಅಷ್ಟು ಶಾಂತವಾದ ಸಾವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆ ಶಾಂತಿ ಕೊಟ್ಟವಳು ನಾನು ಎಂದು ಒಳಗೊಳಗೇ ಹೆಮ್ಮೆಪಟ್ಟೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಪಟ್ಟದ್ದು ನಿಜ.

ನವೆಂಬರಿನಲ್ಲಿ ಅನಿತಾ ನನ್ನನ್ನು ತನ್ನ ಮನೆಗೆ ಕರೆದಳು, ಕೇರ್ ಹೋಮಿನಿಂದ ಹತ್ತು ನಿಮಿಷದ ದಾರಿ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಮಾತು ಮಾತ್ರ ಇಂಗ್ಲಿಷು. ಅಮ್ಮ ಕೊನೆಯ ತಿಂಗಳು ನೀಲಾ ನೀಲಾ ಎನ್ನುತ್ತಿದ್ದರು, ಪೆಟ್ಟಿಗೆಯಲ್ಲಿ ಆ ಹೆಸರಿನ ಒಂದು ಗದಗಿನ ವಿಳಾಸ ಸಿಕ್ಕಿತು, ಅಲ್ಲಿ ವಿಚಾರಿಸಿ ಫೋನ್ ನಂಬರ್ ತರಿಸಿದ್ದೇನೆ ಎಂದಳು. "ಅವರು ಬದುಕಿದ್ದಾರೆ. ಅಮ್ಮ ಹೋದದ್ದನ್ನು ತಿಳಿಸಬೇಕು. ನನ್ನ ಕನ್ನಡ ಸಾಲದು. ನೀನು ಮಾತಾಡುತ್ತೀಯಾ?"

ಬದುಕಿದ್ದಾರೆ ಎಂಬ ಮಾತಿಗೆ ನಾನು ಕೈಯಲ್ಲಿದ್ದ ಚಹಾ ಕೆಳಗಿಟ್ಟೆ. ನಾನು ಮನಸ್ಸಿನಲ್ಲೇ ಆಕೆಯನ್ನು ಕೊಂದು, ಆಕೆಯ ಜಾಗದಲ್ಲಿ ಒಂದು ತಿಂಗಳು ಕೂತಿದ್ದೆನಲ್ಲ. ಆಗ ಅನಿತಾಗೆ ಎಲ್ಲ ಹೇಳಿದೆ. ಬಾಟಲಿ, ಮಗು, ರಿಜಿಸ್ಟರು, ನಾನು ಕೊಟ್ಟ ಮಾತು. ಅವಳು ಗದಗಿನ ನಂಬರ್ ಒತ್ತಿದಳು. ಆಮೇಲೆ ಫೋನನ್ನು ಸ್ಪೀಕರಿಗೆ ಹಾಕಿ ನಡುವೆ ಇಟ್ಟಳು.

"ಯಾರ್ರೀ?" ಎಂದಿತು ಆ ಕಡೆಯ ದನಿ. ಮುದಿಯಾಗಿತ್ತು. ಆದರೆ ಅದು ನನ್ನದೇ ದನಿ. ಅದೇ ಎಳೆತ, ಅದೇ ಏರು. ಸೆಲಿನಮ್ಮ ಯಾಕೆ ತಿರುಗಿದರೆಂದು ಆಗ ತಿಳಿಯಿತು.

ನಾನು ಯಾರು, ಎಲ್ಲಿಂದ, ಎಲ್ಲ ಹೇಳಿದೆ. ಸೆಲಿನ್ ತೀರಿಕೊಂಡರು ಅಂದೆ.

"ಹೋದ್ಲಾ" ಅಂದರು. ಹಿಂದೆ ಎಲ್ಲೋ ಕುಕ್ಕರ್ ಕೂಗುತ್ತಿತ್ತು. "ನನ್ನ ನೆನಸಿದ್ಲೇನು?"

"ನೆನಸಿದ್ರು. ನಿಮ್ಮ ಕಡೆ ಕ್ಷಮಾ ಕೇಳಿದ್ರು. ನನ್ನ ನೀವ ಅಂತ ತಿಳದಿದ್ರು. ನಾನು... ನಿಮ್ಮ ಹೆಸರಿಲೆ ಕ್ಷಮಿಸೇನಿ ಅಂದೆ. ಸಮಾಧಾನ ಆಗಿ ಹೋದ್ರು."

ಫೋನ್ ಕಟ್ಟಾಯಿತೇನೋ ಎಂದು ಅನಿತಾ ಬಗ್ಗಿ ನೋಡಿದಳು.

"ಅಕಿ ಏನಂತ ಹೇಳಿದ್ಲು? ಮೇಟ್ರನ್ ಮುಂದ ಏನ್ ಮಾಡಿದೆ ಅಂದ್ಲು?"

"ನೆಲ ನೋಡಕೋತ ಸುಮ್ನ ನಿಂತೆ ಅಂದ್ರು."

"ಸುಮ್ನ ನಿಂತಿದ್ದಿಲ್ಲ ಅಕಿ." ದನಿ ಏರಲಿಲ್ಲ, ಇಳಿಯಲಿಲ್ಲ. "ನಾ ಹೇಳಿದೆ, ಆವತ್ತ ನಾ ಜ್ವರದಾಗ ಇದ್ದೆ, ಡ್ಯೂಟಿ ಸೆಲಿನ್ ಮಾಡ್ಯಾಳ ಅಂತ. ಮೇಟ್ರನ್ ಅಕಿನ್ನ ಕೇಳಿದ್ರು. ಅಕಿ ನನ್ನ ಮಾರಿ ನೋಡಿ, ಇಲ್ಲ, ನಾ ಹೋಗೇ ಇಲ್ಲ ಅಂದ್ಲು. ಬಾಯಿ ಬಿಟ್ಟು ಅಂದ್ಲು. ಕೂಸು ಕೊಂದಾಕಿ ಅಂತ ನನ್ನ ಊರಿಗೆ ಕಳಿಸಿದ್ರು. ಯಾರೂ ಲಗ್ನಾ ಮಾಡಿಕೊಳ್ಳಲಿಲ್ಲ. ಬಟ್ಟಿ ಹೊಲದು ಬದುಕೇನಿ."

ಅನಿತಾ ಕುರ್ಚಿಯನ್ನು ಫೋನಿನ ಹತ್ತಿರಕ್ಕೆ ಎಳೆದುಕೊಂಡಳು.

"ನಾನಾಗಿದ್ರ ಕ್ಷಮಿಸ್ತಿದ್ದಿಲ್ಲವ್ವಾ. ಇಲ್ಲ ಅಂತಿದ್ದೆ. ಅಕಿ ಕೇಳೂದು, ನಾ ಇಲ್ಲ ಅನ್ನೂದು, ಅದೊಂದಕ್ಕ ಕಾಯ್ಕೋತ ಕುಂತಿದ್ದೆ. ಅದನ್ನ ನೀ ಕಸಗೊಂಡಿ." ಸ್ವಲ್ಪ ತಡೆದು ಕೇಳಿದರು: "ಆ ಕೂಸಿನ ಹೆಸರರ ಹೇಳಿದ್ಲೇನು?"

"ಇಲ್ಲ."

"ಪುಷ್ಪಾ" ಎಂದರು. ಫೋನ್ ಇಟ್ಟರು.

ಅನಿತಾ ಎಲ್ಲವನ್ನೂ ಅರ್ಥಮಾಡಿಕೊಂಡಿದ್ದಳು. ಅಳಲಿಲ್ಲ. ಕೊನೆಗೆ, ನಾನು ಕೇಳಿದ ಅವಳ ಮೊದಲ ಕನ್ನಡದಲ್ಲಿ, ಒಂದೊಂದೇ ಶಬ್ದ ಹುಡುಕಿ ಕೇಳಿದಳು: "ಇಲ್ಲ ಅಂದಿದ್ದರೆ, ಅಮ್ಮ ಹೇಗೆ ಹೋಗ್ತಿದ್ದಳು?"

ಆ ಚಳಿಗಾಲವೆಲ್ಲ ನಾನು ಮಧ್ಯಾಹ್ನದ ಮೇಜಿಗೆ ಹೋಗಲಿಲ್ಲ. ಡೋರೀನಳನ್ನು ಕೇಳಿ ಲಾಂಡ್ರಿಗೆ ಹಾಕಿಸಿಕೊಂಡೆ. ಅಲ್ಲಿಯೂ, ಮಷೀನು ನಿಂತ ಕೂಡಲೆ, ಹಿಂದೆ ಸಣ್ಣ ಹೆಜ್ಜೆ ಸರಿದಂತಾಗುತ್ತಿತ್ತು. ಸೆಲಿನಮ್ಮನನ್ನು ಬಿಟ್ಟು ಹೋದ ಮಗು ಅಮ್ಮನ ಹತ್ತಿರ ಹೋಗಲಿಲ್ಲ, ನನ್ನ ಹತ್ತಿರ ಬಂತು ಎನಿಸುತ್ತಿತ್ತು. "ಪುಷ್ಪಾ" ಎಂದು ಒಂದು ಸಲ ಬಾಯಿಬಿಟ್ಟು ಕರೆದೂ ನೋಡಿದೆ. ಕರೆದದ್ದಕ್ಕೆ ನಾನೇ ಹೆದರಿ ಹೊರಗೆ ಓಡಿದೆ.

ಗದಗಿಗೆ ಮತ್ತೆ ಫೋನ್ ಮಾಡಿದೆ. ಎತ್ತಲಿಲ್ಲ. ವಾರಕ್ಕೊಂದು ಸಲ, ಶನಿವಾರ, ಅವರಿಗೆ ಸಂಜೆಯಾಗುವ ಹೊತ್ತಿಗೆ ಮಾಡುತ್ತಿದ್ದೆ. ಬಸವರಾಜ "ಮುದುಕಿನ್ನ ಯಾಕ ಕಾಡ್ತಿ ಬಿಡು" ಅಂದರು. ಬಿಡಲಾಗಲಿಲ್ಲ. ಮಾರ್ಚಿನ ಒಂದು ಶನಿವಾರ ಆ ಕಡೆಯಿಂದ ದನಿ ಬಂತು.

"ಹೇಳು."

ಅಷ್ಟು ದಿನ ಜೋಡಿಸಿಟ್ಟ ಮಾತೆಲ್ಲ ಹೋಗಿಬಿಟ್ಟಿತ್ತು. "ತಪ್ಪಾತ್ರಿ" ಅಂದೆ. "ಅದು ನಿಮ್ಮ ಮಾತು, ನಾ ಆಡಬಾರದಿತ್ತು. ಅವರು ಅಳೂದು ನೋಡಾಕ ಆಗಲಿಲ್ಲ ನನಗ. ಆದ್ರೂ ಆಡಬಾರದಿತ್ತು. ಕ್ಷಮಿಸ್ರಿ."

ಉಸಿರು ಕೇಳಿಸುತ್ತಿತ್ತು. ಸಾವಕಾಶದ, ಮುದಿ ಉಸಿರು.

"ನೀ ಯಾರಕಿ? ಹೆಸರೇನಂದಿ?"

"ರೇಣುಕಾ."

"ರೇಣುಕಾ," ಎಂದರು, ಮರೆಯಬಾರದೆಂಬಂತೆ ಇನ್ನೊಮ್ಮೆ ಅಂದುಕೊಂಡರು. "ನೀನರ ಹುಡಿಕ್ಯಾಡಿ ಕೇಳಿದಿ. ನಿನಗ ಕ್ಷಮಿಸೇನಿ. ಅಕಿಗಲ್ಲ."

"ಹೂಂ ರಿ" ಅಂದೆ.

"ಊಟ ಆತೇನು?" ಎಂದು ಕೇಳಿದರು. ನನ್ನ ಗಡಿಯಾರದಲ್ಲಿ ಮಧ್ಯಾಹ್ನ ಒಂದೂವರೆ.

"ಇನ್ನೂ ಇಲ್ಲ" ಅಂದೆ.

"ಉಣ್ಣು ಹೋಗು" ಅಂದರು ನೀಲಾ.